ಮರೆವಿನ ಕಾಯಿಲೆ ಮತ್ತು ನುಂಗುವ ಕಷ್ಟ: ಅಭ್ಯಾಸಿಗಳಿಗೂ ಮನೆಮಂದಿಗೂ

ಕುಂದಗೋಳದ ಹೆಸರು ಹೊರಗಿನವರ ಕಿವಿಗೆ ಬಿದ್ದಿರುವುದು ಬಹುಮಟ್ಟಿಗೆ ಕಂಠದ ನಿಮಿತ್ತವಾಗಿ. ಸವಾಯಿ ಗಂಧರ್ವರೆಂದು ಪ್ರಖ್ಯಾತರಾದ ಗಾಯಕ ರಾಮಭಾವು ಕುಂದಗೋಳಕರರು ಈ ಊರಿನವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದುದೂ, ಭೀಮಸೇನ ಜೋಶಿಯವರು ಗುರುವಿನ ಬಳಿ ಇದ್ದು ಕಲಿತದ್ದೂ ಇಲ್ಲಿಯೇ. ಆದರೆ ಶರೀರಶಾಸ್ತ್ರವನ್ನು ಬಲ್ಲವರನ್ನು ಕೇಳಿದರೆ, ಷಡ್ಜವನ್ನು ಹಿಡಿದು ನಿಲ್ಲಿಸುವ ಆ ಧ್ವನಿಪೆಟ್ಟಿಗೆಗೆ ಸೃಷ್ಟಿಯು ವಿಧಿಸಿದ ಮೊದಲ ಕರ್ತವ್ಯವು ಗಾನವೂ ಅಲ್ಲ, ಮಾತೂ ಅಲ್ಲ, ಉಂಡ ತುತ್ತು ಉಸಿರಿನ ದಾರಿಯನ್ನು ಹಿಡಿಯದಂತೆ ಕಾಯುವುದೇ ಅದರ ಆದಿಕರ್ತವ್ಯವೆಂದು ಹೇಳುವರು. ಈ ಕಾವಲು ವೃದ್ಧಾಪ್ಯದ ಮರೆವಿನ ಕಾಯಿಲೆಯಲ್ಲಿ, ಎಂದರೆ ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಮತ್ತು ನಮ್ಮ ಮನೆಗಳಲ್ಲಿ ‘ಅರಳು ಮರಳು’ ಎಂದು ಹೇಳಿ ಬಿಟ್ಟುಬಿಡುವ ಸ್ಥಿತಿಯಲ್ಲಿ, ಹೇಗೆ ಶಿಥಿಲವಾಗುತ್ತದೆ, ಶಿಥಿಲವಾದಾಗ ಮಾಡತಕ್ಕದ್ದೇನು ಎಂಬುದನ್ನು ಕ್ರಮವಾಗಿ ಅಭ್ಯಾಸಮಾಡುವ ಒಂದು ವೃತ್ತಿಯೇ ಉಂಟು. ಆ ವೃತ್ತಿಗೆ ಹೋಗಬಯಸುವ ತರುಣರಿಗೂ, ಇಂದು ರಾತ್ರಿಯೇ ಮನೆಯ ಹಿರಿಯರಿಗೆ ಉಣಿಸಬೇಕಾಗಿರುವವರಿಗೂ ಒಟ್ಟಿಗೆ ಉಪಯೋಗವಾಗಲೆಂದು ಈ ಲೇಖನ. ಈ ಇಬ್ಬರಿಗೂ ಬೇಕಾದ ವಿದ್ಯೆಯ ಮೊದಲ ಪಾಠವು ಒಂದೇ, ಮತ್ತು ಅದು ನಡೆಯತಕ್ಕ ಸ್ಥಳವು ಊಟದ ತಟ್ಟೆಯ ಬದಿ ಎಂಬುದು ನನ್ನ ಅಭಿಪ್ರಾಯ.

ನುಂಗುವ ಕ್ರಿಯೆಯ ಬಗೆ

ನುಂಗುವುದು ನೋಡಲು ಸರಳ, ಆದರೆ ನಡೆಯುವುದು ನಾಲ್ಕು ಹಂತಗಳಲ್ಲಿ. ಮೊದಲನೆಯದರಲ್ಲಿ ಹಲ್ಲು, ನಾಲಗೆ, ಗಲ್ಲ, ಜೊಲ್ಲು ಇವೆಲ್ಲ ಸೇರಿ ಆಹಾರವನ್ನು ಹದವಾದ ಮುದ್ದೆಯಾಗಿ ಮಾಡುತ್ತವೆ. ಎರಡನೆಯದರಲ್ಲಿ ನಾಲಗೆಯು ಅಂಗುಳಕ್ಕೆ ಒತ್ತಿ ಅದನ್ನು ಹಿಂದಕ್ಕೆ ನೂಕುತ್ತದೆ. ಇವೆರಡೂ ನಮ್ಮ ಇಚ್ಛೆಗೆ ಒಳಪಟ್ಟವು. ಮೂರನೆಯದು ಗಂಟಲಿನ ಹಂತ: ಅದು ಮುಗಿಯುವುದು ಸುಮಾರು ಒಂದು ಸೆಕೆಂಡಿನಲ್ಲಿ, ಆ ಒಂದು ಸೆಕೆಂಡಿನೊಳಗೆ ಉಸಿರು ತಡೆದು ನಿಲ್ಲುತ್ತದೆ, ಮೂಗಿನ ಕಡೆಯ ದಾರಿ ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಏಳುತ್ತದೆ, ಅದರೊಳಗಿನ ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಮೇಲಿನ ಮುಚ್ಚಳವು ಬಾಗುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ನಾಲ್ಕನೆಯದರಲ್ಲಿ ಅನ್ನನಾಳವು ತುತ್ತನ್ನು ಅಲೆಯಲೆಯಾಗಿ ಜಠರಕ್ಕೆ ಇಳಿಸುತ್ತದೆ.

ಈ ಕ್ರಮದಲ್ಲಿ ಎಲ್ಲಿಯಾದರೂ ತಾಳ ತಪ್ಪಿದರೆ ಆಹಾರವೋ ನೀರೋ ಶ್ವಾಸನಾಳಕ್ಕೆ ಇಳಿಯುತ್ತದೆ. ನಮ್ಮ ಕಡೆ ‘ನೆತ್ತಿಗೆ ಹತ್ತಿತು’ ಎಂದು ತಲೆಯನ್ನು ತಟ್ಟಿ, ಯಾರೋ ನೆನೆಸಿಕೊಂಡರೆಂದು ನಕ್ಕು ಸುಮ್ಮನಾಗುವ ವಾಡಿಕೆ ಉಂಟು. ಆರೋಗ್ಯವಂತನಿಗೆ ಅದು ಒಂದು ಕೆಮ್ಮಿನಿಂದ ಪರಿಹಾರವಾಗುವುದರಿಂದ ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ಮೆದುಳು ಸವೆದ ರೋಗಿಯಲ್ಲಿ ಕೆಮ್ಮೇ ಬಾರದೆ, ಮುಖಚರ್ಯೆಯೂ ಬದಲಾಗದೆ, ನೀರು ಶ್ವಾಸಕೋಶಕ್ಕೆ ಇಳಿಯುವುದು ಸಾಧ್ಯ. ಸದ್ದಿಲ್ಲದ ಈ ಇಳಿತವೇ ಎಲ್ಲಕ್ಕಿಂತ ಅಪಾಯಕರವಾದದ್ದು, ಏಕೆಂದರೆ ಬಾಯಿಯ ಕ್ರಿಮಿಗಳನ್ನು ಹೊತ್ತುಕೊಂಡು ಹೋದ ದ್ರವವು ಕೆಲವು ದಿನಗಳಲ್ಲಿ ನ್ಯುಮೋನಿಯಾ ಆಗಿ ಪ್ರಕಟವಾಗುವಾಗ, ಅದಕ್ಕೆ ಊಟವೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ.

ಮರೆವಿನ ಕಾಯಿಲೆಗಳು ಹಲವು, ಅವು ಉಣ್ಣುವುದನ್ನು ಕೆಡಿಸುವ ರೀತಿಯೂ ಹಲವು. ಅಲ್ಜೈಮರ್ ಕಾಯಿಲೆಯಲ್ಲಿ ಮೊದಲು ಕೆಡುವುದು ಬಾಯಿಯ ಹಂತ: ಎದುರಿಗಿರುವುದು ಅನ್ನವೆಂಬ ಗುರುತೇ ತಪ್ಪುವುದು, ತುತ್ತನ್ನು ಗಲ್ಲದಲ್ಲಿ ಇಟ್ಟುಕೊಂಡು ಅಗಿಯದೆ ಕುಳಿತಿರುವುದು. ರಕ್ತನಾಳಗಳ ದೋಷದಿಂದ ಅಥವಾ ಪಾರ್ಶ್ವವಾಯುವಿನಿಂದ ಬಂದದ್ದರಲ್ಲಿ ನಾಲಗೆ ಮತ್ತು ಗಂಟಲಿನ ಸ್ನಾಯುಗಳ ದೌರ್ಬಲ್ಯವೇ ಮುಂದಾಗಿ ಕಾಣುತ್ತದೆ. ಪಾರ್ಕಿನ್ಸನ್ ಮತ್ತು ಲೂಯಿ ಕಾಯಗಳ ಕಾಯಿಲೆಯಲ್ಲಿ ಗಂಟಲಿನ ಹಂತ ತಡವಾಗಿ ಆರಂಭವಾಗುವುದರಿಂದ ನೀರು ಮೊದಲೇ ಜಾರಿಹೋಗುತ್ತದೆ. ಮೆದುಳಿನ ಮುಂಭಾಗ ಮತ್ತು ಕಣತಲೆಯ ಬದಿಯ ಭಾಗಗಳು ಸವೆಯುವ ಬಗೆಯಲ್ಲಿ ಇದಕ್ಕೆ ವಿರುದ್ಧವಾಗಿ, ರೋಗಿಯು ಅವಸರದಿಂದ ಬಾಯಿತುಂಬ ತುರುಕಿಕೊಂಡು ಉಸಿರುಗಟ್ಟಿಸಿಕೊಳ್ಳುವನು. ಆದುದರಿಂದ ಮರೆವಿನವರಿಗೆಲ್ಲ ಒಂದೇ ಉಪಾಯವೆಂಬುದು ಶಾಸ್ತ್ರಸಮ್ಮತವಲ್ಲ.

ಈವರೆಗೆ ತಿಳಿದದ್ದು

ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಅದರ ಪ್ರಮಾಣ ಹೆಚ್ಚೆಂಬುದೂ ಅದರಲ್ಲಿಯೇ ಕಂಡುಬಂದಿತು. ಅಮೆರಿಕದ ಬಾಸ್ಟನ್ ಸುತ್ತಿನ 22 ಶುಶ್ರೂಷಾಗೃಹಗಳಲ್ಲಿ ಕಾಯಿಲೆಯ ಕೊನೆಯ ಅವಸ್ಥೆಯಲ್ಲಿದ್ದ 323 ರೋಗಿಗಳನ್ನು 18 ತಿಂಗಳು ಅನುಸರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ಸುಮಾರು 86ರಷ್ಟು ಮಂದಿಗೆ ಉಣ್ಣುವ ತೊಂದರೆ, 41ರಷ್ಟು ಮಂದಿಗೆ ನ್ಯುಮೋನಿಯಾ ಉಂಟಾಗುವುದು ಕಂಡಿತು. ಉಣ್ಣುವ ಕಷ್ಟವು ಈ ರೋಗದ ನಡುವೆ ಆಕಸ್ಮಿಕವಾಗಿ ಬರುವ ಉಪದ್ರವವಲ್ಲ, ರೋಗದ ಗತಿಯೊಳಗೇ ಅಡಗಿರತಕ್ಕದ್ದು ಎಂಬುದು ಇದರ ತಾತ್ಪರ್ಯ.

ಮನೆಯವರಿಗೆ ಇನ್ನೂ ಉಪಯುಕ್ತವಾದ ಮೂರು ಸಂಗತಿಗಳುಂಟು. ಸೂಸನ್ ಲ್ಯಾಂಗ್‌ಮೋರ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ 1998ರಲ್ಲಿ ತೋರಿಸಿದಂತೆ, ಇಂಥ ನ್ಯುಮೋನಿಯಾಕ್ಕೆ ನುಂಗುವ ದೋಷವೊಂದೇ ಸಾಕಾಗುವುದಿಲ್ಲ. ಉಣ್ಣುವುದಕ್ಕೆ ಪರರ ಕೈಯನ್ನು ಅವಲಂಬಿಸಿರುವುದು, ಬಾಯಿಯ ಶುಚಿತ್ವಕ್ಕೂ ಪರರನ್ನು ಅವಲಂಬಿಸಿರುವುದು, ಹುಳುಕು ಹಲ್ಲುಗಳು, ಇವು ಅದಕ್ಕೆ ಮುಖ್ಯವಾದ ಕಾರಣಗಳಾಗಿ ಸೇರುತ್ತವೆ. ಜಪಾನಿನ 11 ಶುಶ್ರೂಷಾಗೃಹಗಳ 417 ವೃದ್ಧರಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪ್ರತಿ ಊಟದ ನಂತರ ಬಾಯಿ ಹಲ್ಲುಗಳನ್ನು ಶುಚಿಗೊಳಿಸಿದ ಗುಂಪಿನಲ್ಲಿ ನೂರಕ್ಕೆ 11 ಮಂದಿಗೂ, ಹಾಗೆ ಮಾಡದ ಗುಂಪಿನಲ್ಲಿ 19 ಮಂದಿಗೂ ನ್ಯುಮೋನಿಯಾ ಬಂದಿತು. ನೀರನ್ನು ಗಟ್ಟಿಮಾಡಿ ಕುಡಿಸುವುದಕ್ಕೂ, ಗದ್ದವನ್ನು ಕೆಳಗೆ ಬಾಗಿಸಿ ಕುಡಿಸುವುದಕ್ಕೂ ಇರುವ ತಾರತಮ್ಯವನ್ನು ಮರೆವಿನ ಮತ್ತು ಪಾರ್ಕಿನ್ಸನ್ನಿನ 515 ರೋಗಿಗಳಲ್ಲಿ ನೋಡಿ 2008ರಲ್ಲಿ ಪ್ರಕಟಿಸಿದವರು, ಮೂರು ತಿಂಗಳ ಅವಧಿಯಲ್ಲಿ ನ್ಯುಮೋನಿಯಾದ ಮಟ್ಟಿಗೆ ಎರಡಕ್ಕೂ ಗಣನೀಯ ಭೇದವಿಲ್ಲವೆಂದೂ, ಗಟ್ಟಿ ದ್ರವ ಕುಡಿದವರಲ್ಲಿ ದೇಹದ ನೀರು ಕಡಿಮೆಯಾಗುವ ತೊಂದರೆ ಹೆಚ್ಚೆಂದೂ ಹೇಳಿದರು. ನೀರನ್ನು ಗಟ್ಟಿಮಾಡುವ ಬೆಲೆಬಾಳುವ ಪುಡಿಯ ಡಬ್ಬಿಗಿಂತ ಹಲ್ಲುಜ್ಜುವ ಬ್ರಷ್ಷು ಎಷ್ಟೋ ಸಲ ಹೆಚ್ಚಿನ ರಕ್ಷೆಯೆಂಬುದನ್ನು ಹೀಗೆ ಎಣಿಸಿ ತೂಗಿ ನೋಡಿಯೇ ತಿಳಿಯಬೇಕಾಯಿತು. ಸಂಶೋಧನೆಯ ಪ್ರಯೋಜನ ಇದು.

ಆದರೆ ಈ ಅಧ್ಯಯನಗಳ ಪೈಕಿ ಎರಡು ನಡೆದದ್ದು ಶುಶ್ರೂಷಾಗೃಹಗಳಲ್ಲಿಯೇ, ಅವುಗಳ ರೋಗಿಗಳಿಗೆ ಉಣಿಸಿದವರು ಬಹುಮಟ್ಟಿಗೆ ಸಂಬಳದ ದಾದಿಯರು, ಉಣಿಸಿದ್ದು ಅವರವರ ದೇಶದ ಆಹಾರ. ಕುಂದಗೋಳ ತಾಲೂಕಿನ ಸಂಶಿ, ಗುಡಗೇರಿ, ಯರಗುಪ್ಪಿಗಳಲ್ಲಿ ರೋಗಿಯಿರುವುದು ಮನೆಯಲ್ಲಿ, ಉಣಿಸುವವಳು ಸೊಸೆ ಅಥವಾ ಮಗಳು, ತಟ್ಟೆಯಲ್ಲಿರುವುದು ಜೋಳದ ರೊಟ್ಟಿ. ಈ ಅಂತರವನ್ನು ತುಂಬುವ ಕೆಲಸವು ಇಲ್ಲಿಯ ಭಾಷೆಯನ್ನೂ ಅಡಿಗೆಯನ್ನೂ ಬಲ್ಲ ಅಭ್ಯಾಸಿಗಳಿಂದಲೇ ಆಗಬೇಕಾದದ್ದು.

ಈ ವೃತ್ತಿಗೆ ಹೋಗುವ ದಾರಿ

ನುಂಗುವ ತೊಂದರೆಯ ಪರೀಕ್ಷೆ ಮತ್ತು ಚಿಕಿತ್ಸೆಯು ಮುಖ್ಯವಾಗಿ ವಾಕ್-ಭಾಷಾ ತಜ್ಞರ ಕ್ಷೇತ್ರ. ಪಿಯುಸಿಯಲ್ಲಿ ವಿಜ್ಞಾನವನ್ನು ಓದಿದವರು ವಾಕ್-ಶ್ರವಣ ವಿಷಯದ ಬಿ.ಎ.ಎಸ್.ಎಲ್.ಪಿ. ಪದವಿಗೆ ಸೇರಬಹುದು, ಅದು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ವ್ಯಾಸಂಗ. ಬಳಿಕ ವಾಕ್-ಭಾಷಾ ವಿಷಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಅದರ ಮೇಲೆ ಪಿಎಚ್.ಡಿ. ಚಿಕಿತ್ಸೆ ಮಾಡಬಯಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡಿರಬೇಕು. ಆ ಪರಿಷತ್ತಿನ ಶಾಸನವು 1992ರದು. ನಮ್ಮ ನಾಡಿನಲ್ಲಿ ಈ ವಿದ್ಯೆಯ ಮುಖ್ಯ ಕೇಂದ್ರವು 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನುಂಗುವ ತೊಂದರೆಗಳಿಗಾಗಿಯೇ ಅಲ್ಲಿ ಒಂದು ಪ್ರತ್ಯೇಕ ಕೇಂದ್ರವುಂಟು. ಕುಂದಗೋಳದವರಿಗೆ ಹತ್ತಿರದಲ್ಲಿ ಧಾರವಾಡದ ಜೆ.ಎಸ್.ಎಸ್. ವಾಕ್ ಶ್ರವಣ ಸಂಸ್ಥೆ ಇದೆ. ಮೆದುಳಿನ ಕಾಯಿಲೆಯ ರೋಗಿಗಳನ್ನು ಕಂಡು ಕಲಿಯುವುದಕ್ಕೆ ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸಿನ ಸಹಯೋಗದಿಂದ ರಾಜ್ಯ ಸರಕಾರವು 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಎಂಬ ಯೋಜನೆಯು, ಮರೆವಿನ ಕಾಯಿಲೆಯೂ ಸೇರಿದಂತೆ ಮೆದುಳಿನ ಕಾಯಿಲೆಗಳ ಚಿಕಿತ್ಸೆಯನ್ನು ಜಿಲ್ಲಾಮಟ್ಟದ ಆಸ್ಪತ್ರೆಗಳಿಗೆ ತರುವ ಉದ್ದೇಶದ್ದು.

ವಾಕ್-ಭಾಷಾ ಪದವಿಯೊಂದೇ ದ್ವಾರವಲ್ಲ. ನರ್ಸಿಂಗ್, ಆಹಾರಶಾಸ್ತ್ರ, ದಂತವೈದ್ಯ, ಮನಃಶಾಸ್ತ್ರ, ಸಂಖ್ಯಾಶಾಸ್ತ್ರ, ಸಮಾಜಕಾರ್ಯ ಇವುಗಳನ್ನು ಓದಿದವರೂ ಸಂಶೋಧನಾ ತಂಡದಲ್ಲಿ ಸಹಾಯಕರಾಗಿ ಸೇರುವುದುಂಟು. ಇಂಥ ಹುದ್ದೆಗಳು ಬಹುಮಟ್ಟಿಗೆ ಒಂದು ಯೋಜನೆಗೆ ಅಂಟಿಕೊಂಡಿರುತ್ತವೆ, ಯೋಜನೆಯ ಅನುದಾನ ತೀರಿದಾಗ ಹುದ್ದೆಯೂ ತೀರುತ್ತದೆ ಎಂಬುದನ್ನು ತಿಳಿದೇ ಹೋಗಬೇಕು. ಚಿಕಿತ್ಸಕನ ನೋಂದಣಿಯನ್ನು ಕೈಯಲ್ಲಿಟ್ಟುಕೊಂಡು ಸಂಶೋಧನೆಗೆ ಇಳಿಯುವವನಿಗೆ ಜೀವನೋಪಾಯದ ಚಿಂತೆ ಕಡಿಮೆ.

ಸಂಶೋಧಕನ ಉಪಕರಣಗಳಲ್ಲಿ ಮೊದಲನೆಯದು ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸುತ್ತ ಎಕ್ಸ್-ರೇ ಚಲಚ್ಚಿತ್ರ ತೆಗೆಯುವ ಪರೀಕ್ಷೆ. ಎರಡನೆಯದು ಮೂಗಿನಿಂದ ತೆಳುವಾದ ದರ್ಶಕನಾಳವನ್ನು ಇಳಿಸಿ ಗಂಟಲನ್ನು ಮೇಲಿನಿಂದ ನೋಡುವುದು, ಇದನ್ನು ಮೇಲೆ ಹೇಳಿದ ಲ್ಯಾಂಗ್‌ಮೋರರೇ 1988ರಲ್ಲಿ ಪ್ರಕಟಿಸಿದವರು. ನುಂಗುವುದು ಒಂದು ಸೆಕೆಂಡಿನ ವ್ಯಾಪಾರವಾದುದರಿಂದ, ಸೆಕೆಂಡಿಗೆ 30 ಚಿತ್ರಗಳಂತೆ ದಾಖಲಾದ ಚಿತ್ರಿಕೆಯನ್ನು ಒಂದೊಂದಾಗಿ ಸರಿಸಿ ನೋಡಿ, ದ್ರವವು ಎಲ್ಲಿಯವರೆಗೆ ಇಳಿಯಿತು, ರೋಗಿಯು ಅದನ್ನು ಹೊರಹಾಕಲು ಯತ್ನಿಸಿದನೆ ಎಂಬುದನ್ನು 1996ರಿಂದ ಬಳಕೆಯಲ್ಲಿರುವ ಎಂಟು ಮೆಟ್ಟಿಲಿನ ಮಾನದಲ್ಲಿ ಗುರುತಿಸುವರು. ಏನೂ ಒಳಹೋಗದಿದ್ದರೆ 1. ಧ್ವನಿತಂತುಗಳನ್ನು ದಾಟಿ ಕೆಳಗಿಳಿದೂ ಕೆಮ್ಮದಿದ್ದರೆ 8. ಇದೇ ಚಿತ್ರಿಕೆಯನ್ನು ಇನ್ನೊಬ್ಬನು, ಮೊದಲಿನವನ ಅಂಕವನ್ನು ನೋಡದೆ, ಮತ್ತೆ ಅಳೆಯುವನು. ಇಬ್ಬರ ಅಂಕಗಳು ಹೊಂದದಿದ್ದರೆ ಅಳತೆಗೆ ಬೆಲೆಯಿಲ್ಲ. ದಿನದ ಬಹುಭಾಗ ಹೀಗೆ ಕತ್ತಲೆ ಕೋಣೆಯಲ್ಲಿ ಕುಳಿತು ಅದೇ ಚಿತ್ರವನ್ನು ಹತ್ತು ಸಲ ನೋಡುವ ತಾಳ್ಮೆಯಿಲ್ಲದವನಿಗೆ ಈ ಉದ್ಯೋಗ ಸಲ್ಲದು.

ಇನ್ನೊಂದು ಯೋಗ್ಯತೆಯು ವಿವೇಕಕ್ಕೆ ಸಂಬಂಧಿಸಿದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯು, ತನ್ನ ಹಿತವನ್ನು ತಾನೇ ಕಾಯ್ದುಕೊಳ್ಳಲಾರದ ಇಂಥ ರೋಗಿಗಳಿಗೆ ವಿಶೇಷ ರಕ್ಷಣೆಯನ್ನು ವಿಧಿಸುತ್ತದೆ. ನೈತಿಕ ಸಮಿತಿಯ ಅನುಮತಿಯೂ ಕುಟುಂಬದ ಲಿಖಿತ ಒಪ್ಪಿಗೆಯೂ ಇದ್ದರೆ ಸಾಲದು. ರೋಗಿಯು ಮುಖ ತಿರುಗಿಸಿದರೆ, ಚಮಚವನ್ನು ನೂಕಿದರೆ, ತುಟಿ ಬಿಗಿದರೆ, ಅದನ್ನೂ ಅವನ ಮಾತೆಂದು ಗಣಿಸಿ ಅಂದಿನ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ತಟ್ಟೆಯ ಬದಿಯ ಪರೀಕ್ಷೆ

ಯಂತ್ರವಿಲ್ಲದ ಊರಿನಲ್ಲಿ ಕಣ್ಣು ಕಿವಿಗಳೇ ಯಂತ್ರ. ನುಂಗುವ ತೊಂದರೆಯನ್ನು ಹುಡುಕಲು 2008ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಪಟ್ಟಿಯೊಂದುಂಟು. ಒಟ್ಟು ಅಂಕ 3 ಅಥವಾ ಮೇಲಾದರೆ ಪರೀಕ್ಷೆ ಬೇಕೆಂದು ಅದರ ಸೂಚನೆ. ಆದರೆ ಆ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವನು ರೋಗಿ. ಮರೆವಿನ ರೋಗಿಯು ಹೇಳಲಾರನು. ಆದುದರಿಂದ ಉಣಿಸುವವಳನ್ನು ಕೇಳಬೇಕು, ಮತ್ತು ಪುಸ್ತಕದ ಭಾಷೆಯಲ್ಲಿ ಕೇಳಬಾರದು. ‘ದ್ರವ ಸೇವನೆಯ ಕಾಲದಲ್ಲಿ ಕೆಮ್ಮು ಉಂಟಾಗುವುದೇ?’ ಎಂದರೆ ಸಂಕೋಚದಿಂದ ‘ಇಲ್ರಿ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ‘ಅವ್ವಾರ, ಅಜ್ಜಾರು ನೀರು ಕುಡಿಯೂ ಮುಂದ ಕೆಮ್ಮತಾರೇನ್ರಿ? ಉಂಡ ಮ್ಯಾಲೆ ದನಿ ಗೊರಗೊರ ಅಂತದೇನ್ರಿ? ಊಟಾ ಮುಗಿಯಾಕ ಎಷ್ಟು ಹೊತ್ತು ಹಿಡೀತದ್ರಿ?’ ಎಂದು ಕೇಳಿದರೆ ಬಾಯಿ ಬಿಚ್ಚುವುದು: ‘ಕೆಮ್ಮು ಇಲ್ರಿ. ತುತ್ತು ಗಲ್ಲದಾಗ ಇಟಗೊಂಡು ಸುಮ್ಮನ ಕುಂದರತಾರ. ನುಂಗ್ರಿ ಮಾವಾರ ಅಂದ್ರ ನನ್ನ ಮಾರಿ ನೋಡತಾರ.’ ಇಂಥ ಒಂದು ಉತ್ತರದಲ್ಲಿ ಕೆಟ್ಟಿರುವ ಹಂತ ಯಾವುದೆಂಬುದೇ ಬಯಲಾಗುತ್ತದೆ. ಬಾಯಿಯ ಹಂತ ಕೆಟ್ಟಿದೆ, ಗಂಟಲಿನದು ಇನ್ನೂ ಪರೀಕ್ಷಿಸಬೇಕಾಗಿದೆ.

ಬಳಿಕ ಒಂದು ಊಟವನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಬಾಯಿ ಹಾಕದೆ ನೋಡತಕ್ಕದ್ದು. ರೋಗಿಯು ಎಲ್ಲಿ ಒರಗಿದ್ದಾನೆ, ಕತ್ತು ಎತ್ತ ವಾಲಿದೆ, ಉಣಿಸುವವಳು ನಿಂತಿದ್ದಾಳೋ ಕುಳಿತಿದ್ದಾಳೋ. ತುತ್ತು ಬಾಯಿಗೆ ಹೋದಮೇಲೆ ಗಂಟಲಗಂಟು ಏಳಲು ಎಷ್ಟು ಸೆಕೆಂಡು ಹಿಡಿಯಿತು, ಒಂದು ತುತ್ತಿಗೆ ಎಷ್ಟು ಸಲ ನುಂಗಬೇಕಾಯಿತು. ನುಂಗಿದ ಮೇಲೆ ಉಸಿರು ಏರಿತೋ, ಕಣ್ಣಲ್ಲಿ ನೀರು ಬಂದಿತೋ, ‘ಅಜ್ಜಾರ, ಹೆಸರು ಹೇಳ್ರಿ’ ಎಂದಾಗ ದನಿ ಒದ್ದೆಯಾಗಿ ಕೇಳಿತೋ. ಊಟ ಮುಗಿದ ಮೇಲೆ ಗಲ್ಲದ ಸಂದಿಯಲ್ಲಿ ಅನ್ನ ಉಳಿದಿದೆಯೋ. ಇವಿಷ್ಟನ್ನೂ ಗಡಿಯಾರ ನೋಡಿ ಬರೆದಿಟ್ಟರೆ ಅದು ಸಂಶೋಧನೆಯ ದತ್ತವೂ ಆಯಿತು, ಚಿಕಿತ್ಸೆಯ ಆಧಾರವೂ ಆಯಿತು. ಇಷ್ಟಾದರೂ ಕಣ್ಣಿನ ಪರೀಕ್ಷೆಗೆ ಸದ್ದಿಲ್ಲದ ಇಳಿತವು ತಪ್ಪಿಸಿಕೊಳ್ಳಬಹುದೆಂಬುದನ್ನು ಮರೆಯಬಾರದು. ಒಂದೇ ಸಲಕ್ಕೆ ಲೋಟ ನೀರು ಕುಡಿಸಿ ನೋಡುವ ಪರೀಕ್ಷೆಯನ್ನಂತೂ ತರಬೇತಿಯಿಲ್ಲದವರು ಮಾಡಲೇಬಾರದು.

ದ್ರವದ ಸಾಂದ್ರತೆಯನ್ನು ಅಳೆಯುವುದಕ್ಕೆ ಒಂದು ಸುಲಭವಾದ ಉಪಾಯವಿದೆ. ನುಂಗುವ ತೊಂದರೆಯವರ ಆಹಾರವನ್ನು ಜಗತ್ತಿನ ಎಲ್ಲೆಡೆ ಒಂದೇ ಮಾನದಲ್ಲಿ ಹೇಳುವುದಕ್ಕಾಗಿ 2013ರಲ್ಲಿ ಆರಂಭವಾದ ಐಡಿಡಿಎಸ್ಐ ಎಂಬ ಸಂಸ್ಥೆಯು 0ಯಿಂದ 7ರವರೆಗೆ ಎಂಟು ಮಟ್ಟಗಳನ್ನು ಗೊತ್ತುಮಾಡಿದೆ. 10 ಮಿಲಿಲೀಟರಿನ ಸಿರಿಂಜಿನ ಒಳಕಡ್ಡಿಯನ್ನು ತೆಗೆದುಹಾಕಿ, ಕೆಳಗಿನ ತುದಿಯನ್ನು ಬೆರಳಿನಿಂದ ಮುಚ್ಚಿ, ಅಂಬಲಿಯನ್ನೋ ಗಂಜಿಯನ್ನೋ 10ರ ಗೆರೆಯವರೆಗೆ ತುಂಬಿ, ಬೆರಳು ತೆಗೆದು, 10 ಸೆಕೆಂಡು ಎಣಿಸಿ ಮತ್ತೆ ಮುಚ್ಚಬೇಕು. ಉಳಿದದ್ದು 1 ಮಿಲಿಲೀಟರಿಗಿಂತ ಕಡಿಮೆಯಾದರೆ ಅದು ನೀರಿನಂತೆ, 0ನೆಯ ಮಟ್ಟ. 1ರಿಂದ 4 ಉಳಿದರೆ 1ನೆಯದು. 4ರಿಂದ 8 ಉಳಿದರೆ 2ನೆಯದು. 8ಕ್ಕಿಂತ ಹೆಚ್ಚು ಉಳಿದೂ ಅಷ್ಟಿಷ್ಟು ಸೋರಿದರೆ 3ನೆಯದು. ಏನೂ ಸೋರದಿದ್ದರೆ 4ನೆಯದು. ಸಿರಿಂಜಿನ 0ಯಿಂದ 10ರ ಗೆರೆಯವರೆಗಿನ ಉದ್ದ 61.5 ಮಿಲಿಮೀಟರ್ ಇರಬೇಕು. ಬೇರೆ ಅಳತೆಯದಾದರೆ ಫಲಿತಾಂಶ ತಪ್ಪುತ್ತದೆ. ಒಲೆಯಿಂದ ಇಳಿಸಿದಾಗ ತೆಳ್ಳಗಿದ್ದ ಅಂಬಲಿ ಆರಿದ ಮೇಲೆ ಗಟ್ಟಿಯಾಗುವುದರಿಂದ, ಕುಡಿಸುವ ಬಿಸುಪಿನಲ್ಲಿಯೇ ಅಳೆಯಬೇಕು. ಹಿಟ್ಟಿನಿಂದ ಗಟ್ಟಿಮಾಡಿದ ದ್ರವವು ಬಾಯಿಯ ಜೊಲ್ಲು ಬೆರೆತಾಗ ಮತ್ತೆ ತೆಳ್ಳಗಾಗುವುದುಂಟು. ಆದುದರಿಂದ ಜೊಲ್ಲು ತಾಗಿದ ಚಮಚವನ್ನು ಬಟ್ಟಲಿನಲ್ಲಿಯೇ ಅದ್ದಿ ಇಡಬಾರದು.

ಮನೆಯಲ್ಲಿ ನಡೆಸಬೇಕಾದ ಕ್ರಮ

ಕುಳ್ಳಿರಿಸುವುದು ಮೊದಲನೆಯದು. ಮಲಗಿಸಿ ಉಣಿಸುವುದೂ, ಅರೆನಿದ್ರೆಯಲ್ಲಿ ಉಣಿಸುವುದೂ ಕೂಡದು. ಬೆನ್ನು ನೆಟ್ಟಗೆ, ಪಾದ ನೆಲಕ್ಕೆ ತಾಗುವಂತೆ ಕುರ್ಚಿಯಲ್ಲಿ ಕೂರಿಸಿ, ಉಂಡ ಮೇಲೂ ಅರ್ಧ ಗಂಟೆ ಹಾಗೆಯೇ ಇರಿಸಬೇಕು. ಉಣಿಸುವವರು ಎದುರಿಗೆ ಸಮಮಟ್ಟದಲ್ಲಿ ಕುಳಿತುಕೊಳ್ಳಬೇಕು. ನಿಂತು ಉಣಿಸಿದರೆ ರೋಗಿಯ ಮುಖ ಮೇಲಕ್ಕೆತ್ತಿ ಉಸಿರಿನ ದಾರಿ ತೆರೆದುಕೊಳ್ಳುತ್ತದೆ. ಇದೇ ಕಾರಣದಿಂದ, ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಹಿಡಿದು ಮೇಲಿನಿಂದ ನೀರು ಸುರಿದುಕೊಳ್ಳುವ ನಮ್ಮ ಹಿರಿಯರ ಮಡಿಯ ಪದ್ಧತಿಯು ಈ ಕಾಯಿಲೆಯಲ್ಲಿ ಅತ್ಯಂತ ಅಪಾಯಕರ. ಬಾಯಗಲದ ಬಟ್ಟಲಿನಿಂದ, ಗುಟುಕು ಗುಟುಕಾಗಿ, ಗದ್ದ ಮೇಲೇಳದಂತೆ ಕುಡಿಸಬೇಕು.

ಸಾಧ್ಯವಿರುವವರೆಗೆ ರೋಗಿಯ ಕೈಯಿಂದಲೇ ಉಣ್ಣಿಸುವುದು ಎರಡನೆಯದು. ಕೈ ಬಾಯಿಗೆ ಹೋಗುವ ಅಭ್ಯಾಸವು ಮಾತು, ಹೆಸರು, ಮುಖ ಎಲ್ಲ ಮರೆತ ಮೇಲೂ ಎಷ್ಟೋ ಕಾಲ ಉಳಿದಿರುತ್ತದೆ. ತುತ್ತು ಮಾಡಿ ಅವರ ಬೆರಳಿಗೆ ಕೊಟ್ಟು, ಅವರ ಕೈಯ ಕೆಳಗೆ ನಮ್ಮ ಕೈಯನ್ನು ಕೊಟ್ಟು ನಡೆಸಿದರೆ ಬಾಯಿ ತಾನಾಗಿ ತೆರೆಯುವುದುಂಟು. ಟಿವಿ ಆರಿಸಿ, ಒಂದೇ ಪದಾರ್ಥವನ್ನು ಎದುರಿಗಿಟ್ಟು, ಬಿಳಿಯ ಅನ್ನ ಎದ್ದು ಕಾಣುವಂತೆ ಬಣ್ಣದ ತಟ್ಟೆಯಲ್ಲಿ ಬಡಿಸಬೇಕು. ಒಂದು ತುತ್ತು ಇಳಿದುದನ್ನು ಕಂಡೇ ಇನ್ನೊಂದನ್ನು ಕೊಡಬೇಕು. ಅರ್ಧ ಮುಕ್ಕಾಲು ಗಂಟೆಯಲ್ಲಿ ರೋಗಿಯು ಬಳಲುವುದರಿಂದ, ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳು ಉತ್ತಮ.

ಮೂರನೆಯದು ಆಹಾರದ ಆಯ್ಕೆ. ಕಟಕ ರೊಟ್ಟಿ, ಅವಲಕ್ಕಿ, ಚುರುಮುರಿ, ಹುರಿದ ಶೇಂಗಾ, ಒಣ ಹಿಂಡಿಪುಡಿ ಇವು ಬಾಯಲ್ಲಿ ಚದುರಿ ಗಂಟಲಿಗೆ ಅಂಟುವಂಥವು, ಬಿಡತಕ್ಕದ್ದು. ನುಚ್ಚು ಮಜ್ಜಿಗೆಯನ್ನು ರೋಗಿಗಳಿಗೆ ಹಗುರವೆಂದು ಕೊಡುವ ವಾಡಿಕೆ ನಮ್ಮಲ್ಲಿ ಬಹಳ. ಆದರೆ ತೆಳ್ಳನೆಯ ಮಜ್ಜಿಗೆಯಲ್ಲಿ ನುಚ್ಚಿನ ಕಾಳು ಬೇರೆಯಾಗಿ ತೇಲುತ್ತಿದ್ದರೆ, ಕಾಳನ್ನು ಅಗಿಯುತ್ತಿರುವಾಗಲೇ ಮಜ್ಜಿಗೆ ಗಂಟಲಿಗೆ ಜಾರುತ್ತದೆ. ಗಟ್ಟಿಯೂ ತೆಳುವೂ ಒಂದೇ ತುತ್ತಿನಲ್ಲಿರುವ ಆಹಾರವು ನುಂಗಲು ಎಲ್ಲಕ್ಕಿಂತ ಕಠಿಣ. ಹಾಲಿನಲ್ಲಿ ಮುಳುಗಿಸಿದ ರೊಟ್ಟಿಗೂ ಇದೇ ಮಾತು. ನುಚ್ಚನ್ನು ಮೆತ್ತಗೆ ಬೇಯಿಸಿ, ಗಟ್ಟಿ ಮೊಸರಿನಲ್ಲಿ ಕಲಸಿ, ನೀರು ಬೇರೆಯಾಗದ ಮುದ್ದೆಯಾಗಿ ಕೊಟ್ಟರೆ ಅದೇ ಪದಾರ್ಥ ಸುರಕ್ಷಿತವಾದೀತು. ಹೆಸರುಬೇಳೆಯ ಕಿಚಡಿ, ಮಿದ್ದಿದ ಮೊಸರನ್ನ, ತುಪ್ಪ ಹಾಕಿದ ಸಜ್ಜಕ, ಮೆತ್ತಗೆ ಬೆಂದ ಬದನೆಕಾಯಿಯ ತಿರುಳು ಇವು ಒಳ್ಳೆಯವು. ನಾಲಗೆಯಿಂದ ಒತ್ತಿದರೆ ಹಿಸುಕಿಹೋಗುವಂತೆ ಮೆತ್ತಗಿದ್ದು, ಚೂರುಗಳು 4 ಮಿಲಿಮೀಟರಿಗಿಂತ ದೊಡ್ಡವಿಲ್ಲದಂತೆ ಇರುವುದು ಐಡಿಡಿಎಸ್ಐ 5ನೆಯ ಮಟ್ಟದ ಲಕ್ಷಣ. ಯಾವ ಮಟ್ಟದ್ದು ಬೇಕೆಂಬುದನ್ನು ತಜ್ಞರೇ ಗೊತ್ತುಮಾಡಬೇಕು. ಅವಶ್ಯಕತೆಯಿಲ್ಲದೆ ನೀರನ್ನೆಲ್ಲ ಗಟ್ಟಿಮಾಡಿದರೆ ರೋಗಿಯು ಕುಡಿಯುವುದನ್ನೇ ಬಿಡುವನು.

ನಾಲ್ಕನೆಯದು ಬಾಯಿಯ ಶುಚಿ. ಪ್ರತಿ ಊಟದ ನಂತರ ಗಲ್ಲದೊಳಗೆ ಉಳಿದದ್ದನ್ನು ತೆಗೆದು, ದಿನಕ್ಕೆ ಎರಡು ಸಲವಾದರೂ ಹಲ್ಲು, ವಸಡು, ನಾಲಗೆಗಳನ್ನು ಮೃದುವಾದ ಬ್ರಷ್ಷಿನಿಂದ ಉಜ್ಜಬೇಕು. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದಿಡಬೇಕು. ಎಲೆ ಅಡಿಕೆಯ ಚಟವಿರುವ ಹಿರಿಯರು ಅದು ಬಾಯಲ್ಲಿರುವುದನ್ನೇ ಮರೆತು ಮಲಗಿಬಿಡುವುದುಂಟು. ಊಟಕ್ಕೆ ಮೊದಲೂ ಮಲಗುವ ಮೊದಲೂ ಬಾಯಿ ತೆರೆಸಿ ನೋಡತಕ್ಕದ್ದು. ಗುಳಿಗೆಗಳನ್ನು ಪುಡಿಮಾಡಿ ಕೊಡುವ ಮುಂಚೆ ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ ಕೇಳಬೇಕು, ಏಕೆಂದರೆ ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಯನ್ನು ಪುಡಿಮಾಡಿದರೆ ಔಷಧವೆಲ್ಲ ಒಮ್ಮೆಲೇ ದೇಹಕ್ಕೆ ಸೇರುತ್ತದೆ. ನಿದ್ರೆಯ ಮತ್ತು ಗಲಾಟೆ ತಗ್ಗಿಸುವ ಕೆಲವು ಔಷಧಗಳು ನುಂಗುವುದನ್ನು ಇನ್ನಷ್ಟು ಕೆಡಿಸುವುದೂ ಉಂಟು; ಹೊಸ ಗುಳಿಗೆ ಆರಂಭಿಸಿದ ಮೇಲೆ ಊಟ ಕೆಟ್ಟಿತೆಂದು ಕಂಡರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ತುತ್ತು ಸಿಕ್ಕಿಕೊಂಡು ರೋಗಿಯು ಕೆಮ್ಮುತ್ತಿದ್ದರೆ ಕೆಮ್ಮಗೊಡಬೇಕು, ನೀರು ಕುಡಿಸಬಾರದು. ಕೆಮ್ಮಲೂ ಮಾತಾಡಲೂ ಆಗದೆ ಮುಖ ನೀಲಿಗಟ್ಟಿದರೆ ಮುಂದಕ್ಕೆ ಬಾಗಿಸಿ ಬೆನ್ನಿನ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಬೇಕು. ಆಗಲೂ ಹೊರಬಾರದಿದ್ದರೆ ಹಿಂದಿನಿಂದ ಅಪ್ಪಿ ಹೊಕ್ಕುಳಿನ ಮೇಲ್ಗಡೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಇನ್ನೊಬ್ಬರು 108ಕ್ಕೆ ಕರೆಮಾಡಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ನಳಿಕೆಯ ಪ್ರಶ್ನೆ

ರೋಗವು ಕೊನೆಯ ಅವಸ್ಥೆಗೆ ಬಂದಾಗ, ಮೂಗಿನಿಂದಲೋ ಹೊಟ್ಟೆಗೋ ನಳಿಕೆ ಹಾಕಿಸಬೇಕೆ ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲೂ ಏಳುತ್ತದೆ. ಅನ್ನವಿಲ್ಲದೆ ಬಿಟ್ಟೆವೆಂಬ ಅಪವಾದದ ಭಯವು ಇಲ್ಲಿ ವಿಚಾರಕ್ಕಿಂತ ಬಲವಾಗಿರುತ್ತದೆ. ಈ ಅವಸ್ಥೆಯಲ್ಲಿ ನಳಿಕೆಯು ಆಯುಷ್ಯವನ್ನು ಹೆಚ್ಚಿಸುತ್ತದೆಂದಾಗಲಿ, ನ್ಯುಮೋನಿಯಾವನ್ನು ತಡೆಯುತ್ತದೆಂದಾಗಲಿ ಅಧ್ಯಯನಗಳಲ್ಲಿ ಸಿದ್ಧವಾಗಿಲ್ಲ. ಬಾಯಿಯ ಜೊಲ್ಲು ನಳಿಕೆಯಿದ್ದರೂ ಇಳಿಯುತ್ತಲೇ ಇರುತ್ತದೆ, ಕಿತ್ತುಕೊಳ್ಳದಂತೆ ಕೈ ಕಟ್ಟುವ ಪ್ರಸಂಗವೂ ಬರುತ್ತದೆ. ಅಮೆರಿಕದ ವೃದ್ಧವೈದ್ಯರ ಸಂಘವು 2014ರಲ್ಲಿ, ಇಂಥವರಿಗೆ ನಳಿಕೆಯನ್ನು ಶಿಫಾರಸು ಮಾಡದೆ, ಜಾಗ್ರತೆಯಿಂದ ಕೈಯಾರೆ ಉಣಿಸುವುದೇ ಯುಕ್ತವೆಂದು ಹೇಳಿತು. ತಾತ್ಕಾಲಿಕವಾದ ಬೇರೊಂದು ಕಾಯಿಲೆಯಲ್ಲಿ, ಉದಾಹರಣೆಗೆ ಹೊಸದಾಗಿ ಬಂದ ಪಾರ್ಶ್ವವಾಯುವಿನಲ್ಲಿ, ಲೆಕ್ಕ ಬೇರೆ. ನಳಿಕೆ, ಕೈಯೂಟ ಎರಡನ್ನೂ ವೈದ್ಯರೊಡನೆ ಬಿಡಿಸಿ ಮಾತನಾಡಿ, ಬಂಧುಗಳೆಲ್ಲ ಕುಳಿತು ನಿರ್ಧರಿಸುವುದು ಒಳಿತು.

ಓದುಗರಲ್ಲಿ ವಿನಂತಿ ಇಷ್ಟೆ. ಮನೆಯಲ್ಲಿ ಮರೆವಿನ ಹಿರಿಯರಿದ್ದರೆ ಒಂದು ನೋಟುಬುಕ್ಕು ಇಟ್ಟು, ಊಟದ ಹೊತ್ತು, ಹಿಡಿದ ಸಮಯ, ಕೆಮ್ಮು, ದನಿಯ ಬದಲಾವಣೆ, ಜ್ವರ, ತಿಂಗಳ ತೂಕ ಇಷ್ಟನ್ನು ಬರೆಯಿರಿ. ಒಂದು ತಿಂಗಳಲ್ಲಿ ತೂಕವು ನೂರಕ್ಕೆ ಐದರಷ್ಟು ಇಳಿದರೆ, ಮತ್ತೆ ಮತ್ತೆ ಜ್ವರ ಬಂದರೆ, ಊಟದಲ್ಲಿ ದಿನವೂ ಕೆಮ್ಮಿದರೆ, ಕುಂದಗೋಳದ ತಾಲೂಕು ಆಸ್ಪತ್ರೆಗೆ ಆ ನೋಟುಬುಕ್ಕಿನೊಡನೆ ಹೋಗಿ, ನುಂಗುವ ಪರೀಕ್ಷೆಗೆ ಹುಬ್ಬಳ್ಳಿಗೋ ಧಾರವಾಡಕ್ಕೋ ಚೀಟಿ ಬರೆದುಕೊಡುವಂತೆ ಕೇಳಿರಿ. ವೃದ್ಧರ ವಿಷಯದಲ್ಲಿ ಸಲಹೆಗೆ 14567 ಎಂಬ ಸರಕಾರದ ಸಹಾಯವಾಣಿಯೂ ಇದೆ. ವಿಜ್ಞಾನ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಆ ನೋಟುಬುಕ್ಕನ್ನು ಅವರ ಕೈಗೆ ಕೊಡಿರಿ. ಈ ವಿದ್ಯೆಗೆ ಕನ್ನಡ ಬಲ್ಲವರು, ಅದರಲ್ಲಿಯೂ ರೊಟ್ಟಿ ನುಚ್ಚುಗಳ ಹದ ಬಲ್ಲವರು, ಇನ್ನೂ ಅನೇಕರು ಬೇಕಾಗಿದ್ದಾರೆ.